ಏ.ಸಿ ಪದೇ ಪದೇ ಟ್ರಿಪ್ ಆಗುತ್ತಿದೆಯೇ?

ರಾತ್ರಿ ಊಟ ಮುಗಿಸಿ, ಅಡುಗೆಮನೆ ಒರೆಸಿ, ಇನ್ನೇನು ತಣ್ಣಗೆ ಮಲಗೋಣ ಅಂತ ಏ.ಸಿ ಹಾಕಿದರೆ ‘ಟಪ್’ ಅಂತ ಎಂಸಿಬಿ ಬೀಳುತ್ತದೆ. ಎತ್ತುತ್ತೀರಿ, ಮತ್ತೆ ಬೀಳುತ್ತದೆ. ಮೂರನೇ ಸಲ ಯಜಮಾನರು ಬಂದು ಎತ್ತುತ್ತಾರೆ. ಮರುದಿನ ಯಾರೋ ಹುಡುಗ ಬಂದು, ‘ಅಕ್ಕಾರ, ಇದು ಸಣ್ಣ ಎಂಸಿಬಿ ಐತ್ರಿ, ದೊಡ್ಡದು ಹಾಕಿಬಿಡೂಣು’ ಅಂತಾನೆ. ದಯವಿಟ್ಟು ಅದಕ್ಕೆ ಹೂಂ ಅನ್ನಬೇಡಿ!

ಎಂಸಿಬಿ ಇರುವುದು ಏ.ಸಿಯನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ತಂತಿಯನ್ನು ಕಾಯಲಿಕ್ಕೆ. ಒಂದೂವರೆ ಟನ್ನಿನ ಸಾಮಾನ್ಯ ಏ.ಸಿ ಓಡುವಾಗ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಇದಕ್ಕೆ ಬೋರ್ಡಿನಿಂದ ನೇರವಾಗಿ ಬಂದ 4 ಚದರ ಮಿ.ಮೀ ತಾಮ್ರದ ತಂತಿ, 16 ಆಂಪಿಯರ್‌ಗೆ ಕಡಿಮೆಯಿಲ್ಲದ ಸಾಕೆಟ್, 20 ಆಂಪಿಯರ್‌ನ ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ನಿಪ್ಪಾಣಿ ಪೇಟೆಯ ಹಳೇ ಮನೆಗಳ ವೈರಿಂಗ್ ಮಾಡಿದಾಗ ಬಲ್ಬು, ಫ್ಯಾನು, ಹೆಚ್ಚೆಂದರೆ ಒಂದು ಇಸ್ತ್ರಿ ಪೆಟ್ಟಿಗೆ ಅಂತ ಲೆಕ್ಕ ಹಾಕಿದ್ದರು. ಆ ಸಣ್ಣ ತಂತಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ಬೀಳುವುದೇನೋ ನಿಲ್ಲುತ್ತದೆ. ಆದರೆ ತಂತಿ ಗೋಡೆಯೊಳಗೇ ಕಾಯುತ್ತದೆ, ಅದರ ಹೊದಿಕೆ ಕರಗುತ್ತದೆ. ಮರದ ಜಂತಿಯ ಮನೆಯಾದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಎಂಸಿಬಿ ನಿಜವಾಗಿಯೂ ಸಣ್ಣದಿದ್ದರೆ ತಂತಿಯನ್ನೂ ಅದನ್ನೂ ಒಟ್ಟಿಗೇ ಬದಲಿಸಬೇಕು, ಒಂದನ್ನೇ ಅಲ್ಲ.

ಹಾಗಾದರೆ ನೀವೇನು ಮಾಡಬಹುದು? ಗಡಿಯಾರ ನೋಡಿ. ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಎಲ್ಲೋ ಶಾರ್ಟ್ ಆಗಿರಬಹುದು. ಒಮ್ಮೆ ಎತ್ತಿ ನೋಡಿ, ಮತ್ತೆ ಬಿದ್ದರೆ ಕೈ ಬಿಡಿ. ಹತ್ತು-ಹದಿನೈದು ನಿಮಿಷ ಓಡಿ ಬಿದ್ದರೆ ಲೋಡ್ ಜಾಸ್ತಿಯಾಗಿರಬಹುದು, ಇಲ್ಲವೇ ಎಲ್ಲೋ ಸ್ಕ್ರೂ ಸಡಿಲಾಗಿ ಅಲ್ಲಿ ಬಿಸಿಯಾಗುತ್ತಿರಬಹುದು. ಎಷ್ಟೋ ಸಲ ತಪ್ಪು ಏ.ಸಿಯದ್ದಲ್ಲವೇ ಅಲ್ಲ, ಸಾಕೆಟ್ಟಿನದ್ದು! ಎಂಸಿಬಿ ಇಳಿಸಿ, ಒಣಗಿದ ಕೈಯಿಂದ ಪ್ಲಗ್ ತೆಗೆದು ನೋಡಿ. ಪಿನ್ನು ಕಪ್ಪಾಗಿದೆಯೇ? ಪ್ಲಾಸ್ಟಿಕ್ ಹಳದಿಯಾಗಿದೆಯೇ? ಕೋಣೆಯಲ್ಲಿ ಮೀನು ಸುಟ್ಟಂಥ ವಾಸನೆ ಬಂದಿತ್ತೇ? ಕಾದ ಸ್ವಿಚ್-ಸಾಕೆಟ್ ಹಾಗೇ ನಾರುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ಇದು ಬೇಗ ಗೊತ್ತಾಗುತ್ತದೆ ಬಿಡಿ. ಇವುಗಳಲ್ಲಿ ಒಂದು ಕಂಡರೂ ಆ ಪಾಯಿಂಟನ್ನು ಬಳಸಬೇಡಿ.

ಅಡ್ಡಮಳೆ ಬಿದ್ದ ಸಂಜೆ ಮಾತ್ರ ಟ್ರಿಪ್ ಆಗುತ್ತದೆಯೇ? ಬಿದ್ದದ್ದು ಎಂಸಿಬಿಯೋ, ಪಕ್ಕದಲ್ಲಿ ‘ಟೆಸ್ಟ್’ ಗುಂಡಿಯಿರುವ ಆರ್‌ಸಿಸಿಬಿಯೋ ನೋಡಿಕೊಳ್ಳಿ. ಆರ್‌ಸಿಸಿಬಿ ಬಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ ಅಂತ ಅರ್ಥ. ಹೊರಗಿನ ಯೂನಿಟ್ಟಿಗೆ ನೀರು ಹೊಕ್ಕಿರಬಹುದು, ಇಲಿ ತಂತಿ ಕಡಿದಿರಬಹುದು. ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರ್‌ನ ಈ ಪೆಟ್ಟಿಗೆ ಉಳಿಸುವುದು ಮಕ್ಕಳ ಜೀವವನ್ನು. ‘ಸುಮ್ಮನೆ ಬೀಳ್ತದೆ’ ಅಂತ ಅದನ್ನು ತಪ್ಪಿಸಿ ನೇರ ಲೈನ್ ಕೊಡುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಲೇಬೇಡಿ.

ಇನ್ನು ವೋಲ್ಟೇಜ್. ನಮಗೆ ಬರಬೇಕಾದದ್ದು 230. ಅದು ತೀರ ಇಳಿದಾಗ ಕಂಪ್ರೆಸರ್ ಗುಂಯ್‌ಗುಟ್ಟಿ ನಿಂತುಬಿಡುತ್ತದೆ, ಹಾಗಾಗಿ ಹಳೇ ಮಾದರಿಗೆ ಸ್ಟೆಬಿಲೈಸರ್ ಬೇಕೇ ಬೇಕು. ಆದರೆ ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಕಣ್ಣು ಕುಕ್ಕುವಂತೆ ಉರಿದರೆ ಅದು ನ್ಯೂಟ್ರಲ್ ಬಿಟ್ಟ ಲಕ್ಷಣ. ಆಗ ತಡಮಾಡದೆ ಮೇನ್ ಆಫ್ ಮಾಡಿ, ಹೆಸ್ಕಾಂನ 1912ಕ್ಕೆ ಫೋನ್ ಮಾಡಿ. ಏ.ಸಿ, ಫ್ರಿಜ್, ಟಿ.ವಿ ಎಲ್ಲ ಒಂದೇ ಏಟಿಗೆ ಸುಡುವುದು ಹೀಗೆಯೇ.

ಕರೆಂಟು ಹೋಗಿ ಬಂದ ಮೇಲೆ ಮೂರು ನಿಮಿಷ ತಣ್ಣಗಿನ ಗಾಳಿ ಬರದಿದ್ದರೆ ಅದು ದೋಷವಲ್ಲ, ಕಂಪ್ರೆಸರ್ ಬೇಕಂತಲೇ ಕಾಯುತ್ತದೆ. ರಿಮೋಟ್ ಕೆಲಸ ಮಾಡುತ್ತಿಲ್ಲ ಅನಿಸಿದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಅದರ ಮೂತಿ ಹಿಡಿದು ಗುಂಡಿ ಒತ್ತಿ. ತೆರೆಯ ಮೇಲೆ ಬೆಳಕು ಮಿನುಗಿದರೆ ರಿಮೋಟ್ ಸರಿಯಿದೆ. ಬಹಳ ಸಲ ಸೆಲ್ ಹೋಗಿರುತ್ತದೆ ಅಷ್ಟೇ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯುವುದೂ ನಿಮ್ಮ ಕೈಯ ಕೆಲಸ.

ಹೊರಗಿನ ಯೂನಿಟ್ಟಿನ ಮುಚ್ಚಳ ಮಾತ್ರ ನಿಮ್ಮದಲ್ಲ, ಯಜಮಾನರದ್ದೂ ಅಲ್ಲ. ಅದರೊಳಗಿನ ಕೆಪಾಸಿಟರ್ ಸ್ವಿಚ್ ತೆಗೆದ ಮೇಲೂ ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿಯುವ ಜಾಗವಲ್ಲ ಅದು.

ಹೊಸ ಏ.ಸಿ ತರುವವರಿದ್ದರೆ, ಮೊದಲು ನಿಮ್ಮ ಲೈಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಒಂದು ಕಿಲೋವ್ಯಾಟ್ ಅಂತಿದ್ದರೆ ಹೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ವೈರಿಂಗನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ. ಕೊಲ್ಹಾಪುರದಲ್ಲಿ ಸ್ವಲ್ಪ ಅಗ್ಗ ಅಂತ ಅಲ್ಲಿಂದ ತರುವುದಾದರೆ, ವಾರಂಟಿಯಲ್ಲಿ ನಿಪ್ಪಾಣಿಗೆ ಬಂದು ರಿಪೇರಿ ಮಾಡುವವರು ಯಾರು, ಬರುವ ಖರ್ಚು ಯಾರದ್ದು ಅನ್ನುವುದನ್ನು ಹಣ ಕೊಡುವ ಮೊದಲೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.