ಮಕ್ಕಳ ಹಲ್ಲು ಮತ್ತು ನಾಳಿನ ದಂತವೈದ್ಯರು

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ತಾಯಿಯೊಬ್ಬರು ಏಳು ವರ್ಷದ ಮಗಳನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಮಗುವಿನ ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿತ್ತು, ರಾತ್ರಿಯೆಲ್ಲ ನೋವು. ನಾವು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನಿಟ್ಟು, “ಇದು ಹಾಲುಹಲ್ಲು ತಾಯಿ, ತಾನಾಗಿಯೇ ಬಿದ್ದು ಹೊಸದು ಬರುತ್ತದೆ” ಎಂದು ಧೈರ್ಯ ಹೇಳಿ ಕಳುಹಿಸಿದೆವು. ನೋವು ಇಳಿಯಿತು. ಆದರೆ ಅದು ಹಾಲುಹಲ್ಲಾಗಿರಲಿಲ್ಲ, ಶಾಶ್ವತ ದವಡೆ ಹಲ್ಲಾಗಿತ್ತು. ಹನ್ನೊಂದನೆಯ ವಯಸ್ಸಿಗೆ ಆ ಹಲ್ಲನ್ನು ಕೀಳಿಸಬೇಕಾಯಿತು. ಹಿಂದೆ ಹುಟ್ಟಿದ ಹಲ್ಲು ಖಾಲಿ ಜಾಗದತ್ತ ವಾಲಿತು. ಮೇಲಿನ ಹಲ್ಲು ಎದುರು ಆಸರೆಯಿಲ್ಲದೆ ಕೆಳಗಿಳಿಯಿತು. ಆ ಮಗಳಿಗೆ ಒಂದು ಮಗ್ಗುಲಲ್ಲಿ ಸರಿಯಾಗಿ ಅಗಿಯಲು ಬಾರದಂತಾಯಿತು. ತಪ್ಪು ನಮ್ಮದು.

ನಾವು ಓದಿರಲಿಲ್ಲವೆಂದಲ್ಲ. ಬಾಲಚಿಕಿತ್ಸೆಯ ಮೂಲಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತು ‘ದಂತಜನ್ಮಿಕ’ವೆಂಬ ಅಧ್ಯಾಯವೇ ಇದೆ. ಬಿದ್ದು ಮತ್ತೆ ಹುಟ್ಟುವ ಹಲ್ಲುಗಳನ್ನು ‘ದ್ವಿಜ’ವೆಂದೂ, ಒಮ್ಮೆ ಮಾತ್ರ ಹುಟ್ಟುವವನ್ನು ‘ಸಕೃಜ್ಜಾತ’ವೆಂದೂ ಅದು ಬೇರ್ಪಡಿಸುತ್ತದೆ. ಅಲ್ಲಿ ಒಮ್ಮೆ ಹುಟ್ಟುವವು 8 ಎಂಬ ಎಣಿಕೆಯಿದೆ. ಇಂದಿನ ಶಾಸ್ತ್ರವು 12 ದವಡೆ ಹಲ್ಲುಗಳನ್ನು ಈ ಗುಂಪಿಗೆ ಸೇರಿಸುತ್ತದೆ. ಸಂಖ್ಯೆ ಬೇರೆಯಾದರೂ ವಿವೇಕ ಒಂದೇ: ಒಮ್ಮೆ ಹುಟ್ಟುವ ಹಲ್ಲನ್ನು ಕಳೆದುಕೊಂಡರೆ ಮತ್ತೆ ಬಾರದು. ಈ ಮಾತನ್ನು ನಾವು ಗ್ರಂಥದಲ್ಲಿ ಓದಿದ್ದೆವು, ಮಗುವಿನ ಬಾಯಿಯಲ್ಲಿ ಓದಲು ಕಲಿತಿರಲಿಲ್ಲ. ಇಂದಿನ ದಂತವೈದ್ಯ ವಿದ್ಯಾರ್ಥಿಗಳ ಶಿಕ್ಷಣವನ್ನು ಕುರಿತು ನಾವು ಬರೆಯಲು ಹೊರಟದ್ದು ಈ ಅನುಭವದಿಂದಲೇ.

ಬಿಡಿಎಸ್ ವ್ಯಾಸಂಗದಲ್ಲಿ 4 ವರ್ಷ ಪಾಠ, 1 ವರ್ಷ ಇಂಟರ್ನ್‌ಶಿಪ್. ಮಕ್ಕಳ ದಂತವೈದ್ಯಕ್ಕೆ ಪೀಡೋಡಾಂಟಿಕ್ಸ್ ಎಂದೂ, ವಕ್ರದಂತಗಳನ್ನು ಸರಿಪಡಿಸುವ ಶಾಖೆಗೆ ಆರ್ಥೋಡಾಂಟಿಕ್ಸ್ ಎಂದೂ ಹೆಸರು. ಎರಡೂ ಅಂತಿಮ ವರ್ಷದ ಪರೀಕ್ಷಾ ವಿಷಯಗಳು; ಅದೇ ವರ್ಷ ಇನ್ನೂ ಹಲವು ವಿಷಯಗಳ ಹೊರೆಯೂ ಇರುತ್ತದೆ. ಒಂದು ವಿಭಾಗದಲ್ಲಿ ವಿದ್ಯಾರ್ಥಿಗಳು ಇಷ್ಟು ಹಲ್ಲು ತುಂಬಬೇಕು, ಇಷ್ಟು ಕೀಳಬೇಕು ಎಂಬ ಲೆಕ್ಕವನ್ನು ಪೂರೈಸುತ್ತಾರೆ. ಇನ್ನೊಂದರಲ್ಲಿ ತಂತಿ ಬಗ್ಗಿಸಿ ಆಡಮ್ಸ್ ಕ್ಲಾಸ್ಪ್ ಮಾಡುತ್ತಾರೆ, ಅಚ್ಚು ತೆಗೆದು ಅಳೆಯುತ್ತಾರೆ, ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ಪ್ರಕಟಿಸಿದ ವಕ್ರದಂತಗಳ ವಿಂಗಡಣೆಯನ್ನು ಬಾಯಿಪಾಠ ಮಾಡುತ್ತಾರೆ. ಹಲ್ಲಿಗೆ ಅಂಟಿಸುವ ತಂತಿಯ ಚಿಕಿತ್ಸೆಯು ಬಹುಮಟ್ಟಿಗೆ ಎಂಡಿಎಸ್ ವಿದ್ಯಾರ್ಥಿಗಳ ಪಾಲಿನದು.

ಆಂಗಲ್ ಅವರ ವಿಂಗಡಣೆಗೆ ಆಧಾರವಾದದ್ದು ನಾವು ಗುರುತಿಸಲಾರದೆ ಹೋದ ಅದೇ ಹಲ್ಲು, ಆರನೆಯ ವರ್ಷದ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲು. ಅಂದಮೇಲೆ ಮಕ್ಕಳ ದಂತವೈದ್ಯವೂ ವಕ್ರದಂತ ಚಿಕಿತ್ಸೆಯೂ ಒಂದೇ ಹಲ್ಲಿನ ಬಳಿ ಕೂಡುತ್ತವೆ. ಕಾಲೇಜಿನಲ್ಲಿ ಎರಡು ವಿಭಾಗಗಳಿರಬಹುದು. ಮಗುವಿಗೆ ಇರುವುದು ಒಂದೇ ಬಾಯಿ. ಹಾಲುಹಲ್ಲಿನ ಹಿಂದವಡೆಯನ್ನು ಆರನೆಯ ವರ್ಷದಲ್ಲಿ ಹುಳುಕಿಗೆಂದು ಕಿತ್ತರೆ, ಅದರ ಸ್ಥಾನದ ಶಾಶ್ವತ ಹಲ್ಲು ಬರುವುದು ಹತ್ತು, ಹನ್ನೆರಡರ ನಡುವೆ. ಅಷ್ಟರೊಳಗೆ ಹಿಂದಿನ ಹಲ್ಲು ಮುಂದಕ್ಕೆ ಸರಿದು ಜಾಗವನ್ನು ಆಕ್ರಮಿಸುತ್ತದೆ. ಬರಬೇಕಾದ ಹಲ್ಲು ಓರೆಯಾಗಿ ಹುಟ್ಟುತ್ತದೆ ಅಥವಾ ಒಳಗೇ ಸಿಲುಕುತ್ತದೆ. ಜಾಗವನ್ನು ಕಾಯಲು ಒಂದು ಚಿಕ್ಕ ತಂತಿಯ ಸಾಧನವನ್ನು ಅಂದೇ ಕೂರಿಸಿದ್ದರೆ ಮುಂದಿನ ದೀರ್ಘ ಚಿಕಿತ್ಸೆಯು ಎಷ್ಟೋ ಸಲ ತಪ್ಪುತ್ತಿತ್ತು. ಹಾಲುಹಲ್ಲನ್ನು ಕಿತ್ತ ಕೈಗೆ ಈ ಅರಿವು ಇರಬೇಕು. ಆದುದರಿಂದ ಆರರಿಂದ ಹನ್ನೆರಡು ವರ್ಷದ ಮಗುವನ್ನು ಎರಡೂ ವಿಭಾಗಗಳ ಗುರುಗಳು ಒಟ್ಟಿಗೆ ಕುಳಿತು ವಿದ್ಯಾರ್ಥಿಗೆ ತೋರಿಸಬೇಕೆಂಬುದು ನಮ್ಮ ಮೊದಲ ಅಭಿಪ್ರಾಯ.

ಎರಡನೆಯದು ಭಯದ ವಿಷಯ. ಪ್ಲಾಸ್ಟರಿನ ಹಲ್ಲು ಅಳುವುದಿಲ್ಲ, ಕೈ ತಳ್ಳುವುದಿಲ್ಲ. ಮಗು ಅಳುತ್ತದೆ. 1959ರಲ್ಲಿ ಅಡೆಲ್‌ಸ್ಟನ್ ಎಂಬ ದಂತವೈದ್ಯರು ‘ಹೇಳು, ತೋರಿಸು, ಮಾಡು’ ಎಂಬ ಸರಳ ಕ್ರಮವನ್ನು ಮುಂದಿಟ್ಟರು. ಉಪಕರಣವೇನೆಂಬುದನ್ನು ಮಗುವಿನ ಮಾತಿನಲ್ಲಿ ಹೇಳಬೇಕು, ಬೆರಳ ಉಗುರಿನ ಮೇಲೆ ಆಡಿಸಿ ತೋರಿಸಬೇಕು, ಬಳಿಕ ಹಲ್ಲನ್ನು ಮುಟ್ಟಬೇಕು. ಇದನ್ನು ಬರೆದು ಅಂಕ ಪಡೆಯುವುದು ಸುಲಭ. ಹೆದರಿದ ಮಗುವಿನೆದುರು ಅರ್ಧ ಗಂಟೆ ತಾಳ್ಮೆಯಿಂದ ಕುಳಿತು, ಅಂದು ಏನನ್ನೂ ಮಾಡದೆ ನಗುಮುಖದಿಂದ ಮನೆಗೆ ಕಳುಹಿಸುವುದು ಕಷ್ಟ. ಕೇಸುಗಳ ಲೆಕ್ಕದಲ್ಲಿ ಆ ಅರ್ಧ ಗಂಟೆಗೆ ಬೆಲೆಯಿಲ್ಲದಿದ್ದರೆ ವಿದ್ಯಾರ್ಥಿಯು ಅದನ್ನು ಕಲಿಯುವುದಾದರೂ ಹೇಗೆ? ಗುರುಗಳು ಅದಕ್ಕೂ ಅಂಕ ಕೊಡಬೇಕು. ಬಾಲ್ಯದಲ್ಲಿ ದಂತವೈದ್ಯರಿಗೆ ಹೆದರಿದವರು ಮುಪ್ಪಿನವರೆಗೂ ಆ ಬಾಗಿಲನ್ನು ತುಳಿಯದಿರುವುದನ್ನು ನಾವು ಕಂಡಿದ್ದೇವೆ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ನಮ್ಮ ನಾಡಿನ ದಂತ ಕಾಲೇಜುಗಳಿಗೆ ಹೊರರಾಜ್ಯಗಳ ವಿದ್ಯಾರ್ಥಿಗಳೂ ಬರುತ್ತಾರೆ. ಅವರು ಬರಲಿ, ಸಂತೋಷ. ಆದರೆ ಹುಳುಕು, ಕೋರೆಹಲ್ಲು, ಉಬ್ಬುಹಲ್ಲು, ಒಸಡು, ‘ಜುಂ ಅನ್ನುತ್ತದೆ’ ಎಂಬ ಮಾತುಗಳು ಅರ್ಥವಾಗದವರಿಗೆ ಹಳ್ಳಿಯ ಮಗುವಿನ ಬಾಯಿ ತೆರೆಯದು.

“ಇದೆಲ್ಲ ತಜ್ಞರ ಕೆಲಸ, ಬಿಡಿಎಸ್ ವಿದ್ಯಾರ್ಥಿಗೆ ಇಷ್ಟೇಕೆ?” ಎಂದು ಕೇಳುವವರಿದ್ದಾರೆ. ಮಕ್ಕಳ ಹಲ್ಲಿನ ತಜ್ಞರು ಹೆಚ್ಚಾಗಿ ನೆಲೆಸಿರುವುದು ನಗರಗಳಲ್ಲಿ. ತಾಲ್ಲೂಕು ಕೇಂದ್ರದಲ್ಲಿ ಮಗುವಿಗೆ ಸಿಗುವವರು ಬಿಡಿಎಸ್ ವೈದ್ಯರೇ. ಅವರು ತಂತಿಯ ಚಿಕಿತ್ಸೆಯನ್ನು ಪೂರ್ಣವಾಗಿ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಬೆರಳು ಚೀಪುವ, ಬಾಯಿಯಿಂದ ಉಸಿರಾಡುವ, ನಾಲಗೆಯಿಂದ ಹಲ್ಲನ್ನು ತಳ್ಳುವ ಅಭ್ಯಾಸವನ್ನು ಸಕಾಲದಲ್ಲಿ ಗುರುತಿಸಿ, ತಮ್ಮಿಂದ ಆಗುವುದನ್ನು ಮಾಡಿ, ಆಗದುದನ್ನು ತಜ್ಞರಲ್ಲಿಗೆ ಕಳುಹಿಸಿದರೆ ಸಾಕು.

ಇದರಲ್ಲಿ ನಮ್ಮಂತಹ ಆಯುರ್ವೇದ ವೈದ್ಯರ ಪಾಲೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುವ ಸಂಚಾರಿ ತಂಡಗಳಲ್ಲಿ ಇರುವವರು ಆಯುಷ್ ವೈದ್ಯರು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಳುಕು ಹಲ್ಲೂ ಸೇರಿದೆ. ದಂತ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ಪಿನ ಕೆಲವು ತಿಂಗಳುಗಳನ್ನು ಸಮುದಾಯ ಸೇವೆಯಲ್ಲಿ ಕಳೆಯಬೇಕೆಂಬ ನಿಯಮ ಈಗಾಗಲೇ ಇದೆ. ಈ ಎರಡನ್ನೂ ಜೋಡಿಸಬಾರದೇಕೆ? ಒಬ್ಬ ವಿದ್ಯಾರ್ಥಿಗೆ ಒಂದು ತರಗತಿಯ ಹತ್ತು ಮಕ್ಕಳನ್ನು ಒಪ್ಪಿಸಲಿ. ವರ್ಷದುದ್ದಕ್ಕೂ ಅದೇ ಮಕ್ಕಳ ಬಾಯನ್ನು ಅವರು ಮತ್ತೆ ಮತ್ತೆ ನೋಡಲಿ. ಹಲ್ಲು ಬೀಳುವುದು, ಹುಟ್ಟುವುದು, ಸರಿಯುವುದು ಕಣ್ಣಿಗೆ ಕಾಣುವುದು ಹೀಗೆ ಮಾತ್ರ. ಒಂದು ದಿನದ ಶಿಬಿರದಲ್ಲಿ ಹಲ್ಲು ಎಣಿಸಿ, ಬ್ರಷ್ ಹಂಚಿ, ಫೋಟೋ ತೆಗೆಸಿಕೊಂಡು ಹೋದರೆ ಮಗುವಿಗೂ ಲಾಭವಿಲ್ಲ, ವಿದ್ಯಾರ್ಥಿಗೂ ಇಲ್ಲ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. “ಕಲಿಯುವವರ ಕೈಗೆ ನಮ್ಮ ಮಗುವನ್ನು ಕೊಡುವುದೇ?” ಎಂಬ ಅಳುಕು ಸಹಜ. ಆದರೆ ಆ ಕೈಯ ಹಿಂದೆ ಗುರುಗಳ ಕಣ್ಣಿರುತ್ತದೆ. ಮತ್ತು ಇಂದು ಕಲಿಯಗೊಡದಿದ್ದರೆ ನಾಳೆ ಬಲ್ಲವರು ಎಲ್ಲಿಂದ ಬರಬೇಕು? ಮಠಗಳ ಶಾಲೆ, ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ. ಅಲ್ಲಿನ ಬಾಗಿಲನ್ನು ಹತ್ತಿರದ ದಂತ ಕಾಲೇಜಿಗೆ ತೆರೆದರೆ ವಿದ್ಯಾದಾಸೋಹವೂ ಆದೀತು, ಮಕ್ಕಳ ಹಲ್ಲೂ ಉಳಿದೀತು.

ಮನೆಯಲ್ಲಿ ತಾವು ಮಾಡಬೇಕಾದುದು ಒಂದಿದೆ. ಹಾಲುಹಲ್ಲುಗಳು ಒಟ್ಟು 20. ನಡುಗೆರೆಯಿಂದ ಹಿಂದಕ್ಕೆ ಎಣಿಸಿದರೆ ಒಂದೊಂದು ಮಗ್ಗುಲಿಗೆ 5. ಮಗುವಿಗೆ ಆರು ವರ್ಷವಾದಾಗ ಹೀಗೆ ಎಣಿಸಿ ನೋಡಿರಿ. ಆರನೆಯದಾಗಿ ಕಾಣುವ ಹಲ್ಲು ಯಾವ ಹಾಲುಹಲ್ಲೂ ಬೀಳದೆಯೇ ಹಿಂದೆ ಹುಟ್ಟಿದ ಶಾಶ್ವತ ಹಲ್ಲು. ಅದರ ಮೇಲಿನ ಗೀರುಗಳಲ್ಲಿ ತಿಂಡಿ ಸಿಲುಕಿ ಹುಳುಕು ಬೇಗ ಹಿಡಿಯುತ್ತದೆ. ಸೀಲೆಂಟ್ ಎಂಬ ಲೇಪದಿಂದ ದಂತವೈದ್ಯರು ಆ ಗೀರುಗಳನ್ನು ಮುಚ್ಚಬಲ್ಲರು. ಅಲ್ಲಿ ಕಪ್ಪು ಚುಕ್ಕೆ ಕಂಡರೆ ನೋವಿಗಾಗಿ ಕಾಯಬೇಡಿ. ಲವಂಗದ ಎಣ್ಣೆ ನೋವನ್ನು ಮರೆಸುತ್ತದೆಯೇ ಹೊರತು ಕುಳಿಯನ್ನು ಮುಚ್ಚುವುದಿಲ್ಲ. ಇದನ್ನು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತಿದ್ದೇವೆ.