ಹೆಬ್ಬೆಟ್ಟು ಬದಲಿಸಲು ಬರುವುದಿಲ್ಲ

ಹ್ಯಾಕರ್ ಅಂದರೆ ಕತ್ತಲ ಕೋಣೆಯಲ್ಲಿ ಕೂತು ಕಂಪ್ಯೂಟರ್ ಒಡೆಯುವವ ಅಂತ ಸಿನಿಮಾ ಕಲಿಸಿದೆ. ನಮ್ಮ ಕಡೆ ಅವನಿಗೆ ಅಷ್ಟು ಕಷ್ಟವೇ ಬೇಡ.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ಓಟಿಪಿ ಇಲ್ಲ, ಫೋನ್ ಕರೆ ಇಲ್ಲ. ಕಾವೇರಿ 2.0 ಪೋರ್ಟಲ್‌ನ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಬೆರಳಚ್ಚು ಕಳ್ಳರ ಕೈ ಸೇರಿವೆ ಎಂಬ ಶಂಕೆ ಎದ್ದಿತು. ಪತ್ರಗಳಲ್ಲಿನ ಬೆರಳಚ್ಚು ಮರೆಮಾಡಲು ಇಲಾಖೆ ಹೊರಟಿದ್ದು ಆಮೇಲೆ. ಕಾಗದದ ಗುರುತಿನಿಂದ ನಕಲಿ ಬೆರಳು ಮಾಡಿ ಆಧಾರ್ ಪಾವತಿ ಯಂತ್ರಕ್ಕೆ ಒತ್ತಿದರೆ ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿನ್ ಕದ್ದರೆ ಬೇರೆ ಪಿನ್ ಹಾಕಬಹುದು. ಹೆಬ್ಬೆಟ್ಟು ಕದ್ದರೆ?

ಜಮಖಂಡಿ, ಮುಧೋಳದ ಕಬ್ಬಿನ ಬಿಲ್ಲು, ಬೀಳಗಿಯ ಮುಳುಗಡೆ ಪರಿಹಾರ, ರಬಕವಿ-ಬನಹಟ್ಟಿ ನೇಕಾರರ ಸಾಲ, ಎಲ್ಲದಕ್ಕೂ ಆಧಾರ್ ಪ್ರತಿ ಕೊಟ್ಟಿದ್ದೇವೆ. ಅವು ಯಾವ ಕಪಾಟಿನಲ್ಲಿವೆ, ಯಾರ ವಾಟ್ಸಾಪ್‌ನಲ್ಲಿವೆ? 2023ರ ದತ್ತಾಂಶ ರಕ್ಷಣೆ ಕಾಯ್ದೆ 250 ಕೋಟಿವರೆಗೆ ದಂಡ ಹೇಳುತ್ತದೆ, ನಿಜ. ಆದರೆ ಅದು ಡಿಜಿಟಲ್ ಮಾಹಿತಿಗೆ. ಕಪಾಟಿನಲ್ಲಿ ಧೂಳು ತಿನ್ನುವ ಝೆರಾಕ್ಸ್ ಅದರೊಳಗೆ ಬರುವುದಿಲ್ಲ.

ಸೈಬರ್ ಭದ್ರತೆ ಕಂಪನಿ ಬೆಂಗಳೂರಿನಲ್ಲಿ ಇದ್ದರೆ ಸಾಕು ಅನ್ನುವವರಿಗೆ ನಮ್ಮದೊಂದು ಪ್ರಶ್ನೆ. ಮೂರು ಕಂಪ್ಯೂಟರ್ ಇರುವ ಪತ್ತಿನ ಸಹಕಾರಿ ಸಂಘಕ್ಕೆ ಆ ಕಂಪನಿ ಬರುತ್ತದೆಯೇ? ಬಂದರೂ ಅದರ ಬಿಲ್ಲು ಕಟ್ಟಲಾಗುತ್ತದೆಯೇ? ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದಿದ ನಮ್ಮ ಹುಡುಗ-ಹುಡುಗಿಯರು ಬೆಂಗಳೂರಿಗೆ ಹೋಗಿ ಬೇರೆಯವರ ಮಾಹಿತಿ ಕಾಯುತ್ತಾರೆ. ಸೇನೆಗೆ ನಾಯಿ ಕೊಟ್ಟ ಮುಧೋಳದ ಸೀಮೆಯಲ್ಲಿ ನಮ್ಮ ಕಪಾಟಿಗೆ ಕಾವಲಿಲ್ಲ!

ನಾಲ್ಕು ತಾಲ್ಲೂಕಿನ ಸಂಘಗಳು ಸೇರಿ ಒಂದು ಸಣ್ಣ ಕಂಪನಿ ಕಟ್ಟಲಿ. ದುಡ್ಡೆಲ್ಲಿ ಅನ್ನಬೇಡಿ, ವಾರ್ಷಿಕ ಸಭೆಯ ಶಾಲು-ಹಾರಕ್ಕೆ ಎಲ್ಲಿಂದ ಬರುತ್ತದೆ? ಐದಾರು ಜನ ಸಾಕು. ಒಂದೇ ಪಾಸ್‌ವರ್ಡ್ ಎಲ್ಲರೂ ಬಳಸುವುದನ್ನು ನಿಲ್ಲಿಸಬೇಕು, ಇಂಟರ್‌ನೆಟ್‌ಗೆ ತಾಗದ ಒಂದು ಬ್ಯಾಕಪ್ ಇಡಿಸಬೇಕು, ಕೆಲಸ ಮುಗಿದ ಆಧಾರ್ ಪ್ರತಿ ಹರಿದು ಹಾಕಿಸಬೇಕು. ಒಂದು ಷರತ್ತು: ಆ ಕಂಪನಿ ನಮ್ಮ ಮಾಹಿತಿ ತನ್ನ ಹತ್ತಿರ ಇಟ್ಟುಕೊಳ್ಳಬಾರದು. ಕಾವಲುಗಾರನೇ ಕಣಜದ ಒಡೆಯನಾದರೆ ಇನ್ನೊಂದು ತಲೆನೋವು. ಪರಿಶೀಲನೆಯ ವರದಿ ಸಭೆಯಲ್ಲಿ ಕನ್ನಡದಲ್ಲಿ ಓದಬೇಕು.

ಅಲ್ಲಿವರೆಗೆ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್‌ಗೆ ಹೆಬ್ಬೆಟ್ಟು ಒತ್ತುವ ದಿನ ತೆರೆದು ಮತ್ತೆ ಹಾಕಿ. ಹಣ ಹೋದರೆ ತಕ್ಷಣ 1930ಕ್ಕೆ, ಬ್ಯಾಂಕಿಗೆ ತಿಳಿಸಿ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸದ ಅಜ್ಜಿಗೆ ಈ ಲಾಕ್ ಸಿಗುವುದಿಲ್ಲ. ಲಾಕ್ ಮೊದಲೇ ಹಾಕಿರಬೇಕು, ಬೇಕಾದವರು ತೆರೆಯಬೇಕು ಎಂದು ನಾವು ಹಟ ಹಿಡಿಯುವುದು ಆ ಅಜ್ಜಿಗಾಗಿಯೇ.