ಹಳ್ಳಿಯ ಹಾದಿಯೂ ಮೋಟಾರಿನ ವೇಗವೂ

ಡಾಂಬರು ರಸ್ತೆಯನ್ನು ಬೇಡದ ಹಳ್ಳಿಯಿಲ್ಲ. ಆದರೆ ರಸ್ತೆಯೊಡನೆ ಬರುವ ವೇಗದಿಂದ ಹಳ್ಳಿಗರನ್ನು ರಕ್ಷಿಸತಕ್ಕ ಏರ್ಪಾಡು ಎಷ್ಟು ಊರುಗಳಲ್ಲಿದೆ? ಕೇಂದ್ರ ಸರಕಾರದ ವರದಿಯ ಮೇರೆಗೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಈ ಮರಣಗಳಲ್ಲಿ ನೂರಕ್ಕೆ ಸುಮಾರು 71ಕ್ಕೆ ಅತಿವೇಗವೇ ಕಾರಣ. ನೂರಕ್ಕೆ ಸುಮಾರು 68 ಸಂಭವಿಸಿದ್ದು ಗ್ರಾಮಾಂತರದಲ್ಲಿ.

ಚಾಲಕರನ್ನು ಹಳಿದು ಸುಮ್ಮನಾಗುವುದು ಸುಲಭ. ವೇಗವು ಇಮ್ಮಡಿಯಾದರೆ ಆಘಾತದ ಶಕ್ತಿ ನಾಲ್ಮಡಿಯಾಗುವುದು. ಆದುದರಿಂದಲೇ 2020ರ ಸ್ಟಾಕ್‌ಹೋಮ್ ಘೋಷಣೆಯು, ಪಾದಚಾರಿಗಳೂ ವಾಹನಗಳೂ ಬೆರೆಯುವೆಡೆ ಗಂಟೆಗೆ 30 ಕಿಲೋಮೀಟರಿನ ಮಿತಿಯಿರಬೇಕೆಂದು ಸಾರಿತು. ಇಂತಹ ಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟೇ ಇದೆ.

ಆದರೆ ಬರಿಯ ಫಲಕವು ವೇಗವನ್ನು ತಡೆಯಲಾರದು. ಅಧಿಕಾರಿಗಳು ಕದಲದಿರಲು ಊರವರೇ ಕಲ್ಲುಮಣ್ಣು ಸುರಿದು ಉಬ್ಬು ಕಟ್ಟುತ್ತಾರೆ. ಬಣ್ಣವೂ ಸೂಚನೆಯೂ ಇಲ್ಲದ ಆ ಉಬ್ಬು ಕತ್ತಲಲ್ಲಿ ದ್ವಿಚಕ್ರ ಸವಾರನನ್ನು ಕೆಡಹುತ್ತದೆ. ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡುವುದನ್ನು ರೈತಬಾಂಧವರೂ ಬಿಡಬೇಕು. ಅದಕ್ಕೆ ಮೊದಲು ಪಂಚಾಯಿತಿಯು ಬೇರೆ ಕಣವನ್ನು ಒದಗಿಸಬೇಡವೆ?

ಊರ ಎರಡು ತುದಿಗಳಲ್ಲಿ ವೇಗ ತಗ್ಗಿಸುವ ನಿಯಮಬದ್ಧ ರಚನೆ, ಶಾಲೆಯೆದುರು ಎತ್ತರಿಸಿದ ದಾಟುದಾರಿ, ಮಗ್ಗುಲಲ್ಲಿ ಕಾಲುಹಾದಿ, ಇರುಳಿಗೆ ದೀಪ: ಇವೆಲ್ಲವೂ ರಸ್ತೆಯ ಅಂದಾಜುಪಟ್ಟಿಯಲ್ಲಿಯೇ ಸೇರತಕ್ಕವು. ಇವಿಲ್ಲದ ರಸ್ತೆಯ ಕಾಮಗಾರಿ ಪೂರ್ಣವಾಯಿತೆಂದು ಇಂಜಿನಿಯರರು ರುಜು ಹಾಕಕೂಡದೆಂಬುದೇ ನಮ್ಮ ಆಗ್ರಹ. ಊರೆಲ್ಲ ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಪದ್ಧತಿ ಇನ್ನಾದರೂ ನಿಲ್ಲಲಿ.